ಕರೆಂಟ್ ಹೋದಾಗಲೂ ಮಾತಾಡುವ ಫೋನು

ಆಸ್ಪತ್ರೆಯ ಫೋನು ಬದಲಿಸುವ ಕೆಲಸ ನನ್ನ ಪಾಲಿಗೆ ಬಂದದ್ದು ಮೇ ತಿಂಗಳ ಮೊದಲ ವಾರ. ಕೂಡ್ಲಿಗಿಗೂ ಕೊಟ್ಟೂರಿಗೂ ನಡುವೆ, ದೊಡ್ಡ ರಸ್ತೆ ಬಿಟ್ಟು ಎಂಟು ಕಿಲೋಮೀಟರ್ ಒಳಗೆ ಹೋಗಬೇಕಾದ ಊರು ಅದು. ಹೆಸರು ಬರೆಯುವುದಿಲ್ಲ. ಅಲ್ಲಿನ ಟೆಲಿಫೋನ್ ಎಕ್ಸ್‌ಚೇಂಜನ್ನು ಎರಡು ತಿಂಗಳೊಳಗೆ ಮುಚ್ಚಬೇಕೆಂದು ಆದೇಶವಾಗಿತ್ತು. ನಾನು ಹಗರಿಬೊಮ್ಮನಹಳ್ಳಿ ಆಫೀಸಿನ ಮೆಕ್ಯಾನಿಕ್. ಮೊದಲು ಒಂದೊಂದು ತಾಲ್ಲೂಕಿಗೆ ಏಳೆಂಟು ಜನ ಮಾಡುತ್ತಿದ್ದ ಕೆಲಸಕ್ಕೆ ಈಗ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಎಲ್ಲ ಸೇರಿ ಇಬ್ಬರು ಉಳಿದಿದ್ದೇವೆ. ಹೀಗಾಗಿ ಎಲ್ಲಿ ಎಕ್ಸ್‌ಚೇಂಜ್ ಮುಚ್ಚಿದರೂ ಕೊನೆಯ ಬೀಗ ಹಾಕುವವನು ನಾನೇ.

ಒಂದು ಕಾಲಕ್ಕೆ ಆ ಎಕ್ಸ್‌ಚೇಂಜಿನಿಂದ ಸುತ್ತಲಿನ ನಾಲ್ಕು ಹಳ್ಳಿಗೆ ತಂತಿ ಹೋಗುತ್ತಿತ್ತು. ಈಗ ಒಂಬತ್ತು ಫೋನು ಉಳಿದಿದ್ದವು. ಅದರಲ್ಲಿ ಎಂಟು ಮನೆಯವರಿಗೆ ತಮ್ಮಲ್ಲಿ ಫೋನಿದೆ ಎಂಬುದೇ ಮರೆತುಹೋಗಿತ್ತು. ಒಬ್ಬರು ಅದರ ಮೇಲೆ ಕಸೂತಿಯ ಬಟ್ಟೆ ಹೊದಿಸಿ ಗಣಪನನ್ನು ಕೂರಿಸಿದ್ದರು. ಒಂಬತ್ತನೆಯದು ಪ್ರಾಥಮಿಕ ಆರೋಗ್ಯ ಕೇಂದ್ರದ್ದು. ಅದೊಂದೇ ದಿನಾ ಬಳಕೆಯಲ್ಲಿತ್ತು.

ಅಲ್ಲಿನ ನರ್ಸ್ ಚಿಗಟೇರಿ ಕಡೆಯವರು. ಊರೆಲ್ಲ ಅವರನ್ನು ಸಿಸ್ಟರ್ ಅನ್ನುತ್ತದೆ, ನಾನೂ ಹಾಗೇ. ನನ್ನ ಕೈಯಲ್ಲಿ ಹೊಸ ಪೆಟ್ಟಿಗೆ ನೋಡಿದೊಡನೆ ಅವರು ಎದ್ದು ಬಂದರು.

“ಅಣ್ಣಾರ, ಫೋನ್ ಕಿತ್ಕೊಂಡು ಹೋಗಾಕ ಬಂದಿರೇನ್ರಿ?”

“ಕೀಳಂಗಿಲ್ಲ ಸಿಸ್ಟರ್. ಅದಾ ನಂಬರು, ಅದಾ ಫೋನು. ತಾಮ್ರದ ತಂತಿ ಬದ್ಲಿ ಫೈಬರ್ ಬರ್ತೈತಿ, ಅಷ್ಟಾ. ಮಾತು ಇನ್ನಾ ಸ್ವಚ್ಛ ಕೇಳ್ತೈತಿ.”

“ಸ್ವಚ್ಛ ಕೇಳೋದು ಇರ್ಲಿ. ಕರೆಂಟ್ ಹ್ವಾದಾಗ ಕೇಳ್ತೈತೇನ್ರಿ?”

ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಆ ಊರಿಗೆ ಒಂದೇ ಮೊಬೈಲ್ ಟವರ್. ಅದರ ಬ್ಯಾಟರಿಗಳು ಹಳೆಯವು. ಕರೆಂಟ್ ಹೋಗಿ ಒಂದು ತಾಸಿಗೆಲ್ಲ ಟವರ್ ಕೈ ಎತ್ತುತ್ತಿತ್ತು. ಆಮೇಲೆ ಊರಿನ ಎಲ್ಲರ ಮೊಬೈಲೂ ಬರೀ ಟಾರ್ಚು. ಆಸ್ಪತ್ರೆಯ ಹಳೆಯ ಫೋನಿಗೆ ಮಾತ್ರ ಆ ತಾಪತ್ರಯವಿರಲಿಲ್ಲ. ತಾಮ್ರದ ತಂತಿಯ ಫೋನಿಗೆ ಬೇಕಾದ ಅಷ್ಟಿಷ್ಟು ವಿದ್ಯುತ್ತು ಅದೇ ತಂತಿಯಲ್ಲಿ ಎಕ್ಸ್‌ಚೇಂಜಿನಿಂದ ಬರುತ್ತದೆ. ಎಕ್ಸ್‌ಚೇಂಜಿನಲ್ಲಿ ಸೊಂಟದೆತ್ತರದ ಸ್ಟ್ಯಾಂಡಿನಲ್ಲಿ ಇಪ್ಪತ್ನಾಲ್ಕು ಬ್ಯಾಟರಿ ಸೆಲ್‌ಗಳು ಸಾಲಾಗಿ ಕೂತು ಆ ಕೆಲಸ ಮಾಡುತ್ತವೆ. ಊರೆಲ್ಲ ಕತ್ತಲಾದರೂ ಫೋನು ಬದುಕಿರುತ್ತದೆ. ಫೈಬರಿನಲ್ಲಿ ಬರುವುದು ಬೆಳಕು. ಆ ಬೆಳಕನ್ನು ಮಾತಾಗಿಸುವ ಪೆಟ್ಟಿಗೆ ಗೋಡೆಯ ಮೇಲಿರುತ್ತದೆ, ಅದಕ್ಕೆ ಅಲ್ಲೇ ಕರೆಂಟು ಬೇಕು.

“ನಿಮ್ಮಲ್ಲಿ ಇನ್ವರ್ಟರ್ ಐತಲ್ಲ, ಅದಕ್ಕ ಜೋಡಿಸ್ತೀನಿ,” ಅಂದೆ.

ಜೋಡಿಸಿದೆ. ಕೊಟ್ಟೂರಿಗೆ ಒಂದು ಕರೆ ಮಾಡಿ ನೋಡಿದೆ, ಹೋಯಿತು. ಮೇನ್ ಸ್ವಿಚ್ ಇಳಿಸಿ ಮತ್ತೊಮ್ಮೆ ಮಾಡಿದೆ, ಹೋಯಿತು. ಎರಡು ನಿಮಿಷದ ಪರೀಕ್ಷೆ. ಸಿಸ್ಟರ್ ಕೈಯಲ್ಲಿ ಸಹಿ ಹಾಕಿಸಿಕೊಂಡು ಹೊರಟೆ. ಮೂವತ್ತೊಂದು ವರ್ಷ ಈ ಕೆಲಸ ಮಾಡಿದವನು ಎರಡು ನಿಮಿಷದ ಪರೀಕ್ಷೆ ನಂಬಿ ಬಂದೆ ಎಂದು ಈಗ ಬರೆಯುವಾಗ ನನಗೇ ಬೇಸರವಾಗುತ್ತದೆ.

ಅದೇ ತಿಂಗಳ ಮೂರನೆಯ ವಾರ ಒಂದು ಸಂಜೆ ನಾಲ್ಕರ ಹೊತ್ತಿಗೆ ಗಾಳಿ ಎದ್ದಿತು. ಹಗರಿಬೊಮ್ಮನಹಳ್ಳಿಯಲ್ಲೇ ಶೆಡ್ಡಿನ ತಗಡು ಹಾರಿದವು. ಕೂಡ್ಲಿಗಿ ಕಡೆ ಕಂಬಗಳು ಬಿದ್ದಿವೆ ಎಂದು ಸುದ್ದಿ ಬಂತು. ಮಾರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಸಿಸ್ಟರ್ ನನ್ನ ಮೊಬೈಲಿಗೆ ಮಾತಾಡಿದರು. ಹಿಂದೆ ಲಾರಿಗಳ ಸದ್ದಿತ್ತು. ದೊಡ್ಡ ರಸ್ತೆಗೆ ಬಂದು ಸಿಗ್ನಲ್ ಹಿಡಿದು ಕರೆ ಮಾಡಿದ್ದರು.

“ನಿಮ್ಮ ಪೆಟ್ಟಿಗಿ ದೀಪ ನಿನ್ನೆ ಏಳು ಗಂಟೆಗೆ ಆರಿತ್ರಿ. ಇನ್ವರ್ಟರ್ ಕೂತು ಹೋತು. ಹೆರಿಗಿ ರೂಮಿನ ಲೈಟು, ಫ್ಯಾನು, ಔಷಧದ ಫ್ರಿಜ್ಜು ಎಲ್ಲಾ ಅದರ ಮ್ಯಾಲ. ಆಗ ಒಬ್ಬ ಹೆಣ್ಮಗಳಿಗೆ ಹೆರಿಗಿ ಆಗಿತ್ತು, ರಕ್ತ ನಿಲ್ಲವಲ್ದು. ಆಂಬುಲೆನ್ಸಿಗೆ ಹೇಳಾಕ ಆಕಿ ಮೈದುನನ್ನ ಬೈಕ್ ಮ್ಯಾಲ ರೋಡಿಗೆ ಓಡಿಸಿದೆ. ಗಾಡಿ ಬರಾಕ ಎರಡು ತಾಸು ಆತು.”

ನಾನು ಕೇಳಲು ಹೆದರಿದೆ. ಆದರೂ ಕೇಳಿದೆ. “ಈಗ ಹೆಂಗದಾಳ್ರಿ?”

“ಬಳ್ಳಾರಿಯಾಗ ಅದಾಳ. ರಕ್ತ ಹಾಕ್ಯಾರ. ಹೆಂಗೋ ಉಳದ್ಲು. ಕೂಸೂ ಚಲೋ ಐತಿ.” ಆಮೇಲೆ ಅಂದರು: “ಅಣ್ಣಾರ, ಹೆಂಗೋ ಅನ್ನೋದು ನಂಗ ಸಾಕಾಗಂಗಿಲ್ರಿ.”

ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ. ಅದೇ ದಿನ ಬೈಕ್ ಹತ್ತಿದೆ.

ಮೊದಲು ಮಾಡಬೇಕಾದ್ದು ಸ್ಪಷ್ಟವಿತ್ತು. ಫೋನಿನ ಪೆಟ್ಟಿಗೆಗೆ ತನ್ನದೇ ಬ್ಯಾಟರಿ ಬೇಕು, ಬೇರೆ ಯಾವುದರ ಜೊತೆಗೂ ಹಂಚಿಕೊಳ್ಳಬಾರದು. ಮೀಟರ್ ಹಚ್ಚಿ ಅಳೆದೆ. ಪೆಟ್ಟಿಗೆ ಹನ್ನೆರಡು ವೋಲ್ಟಿನಲ್ಲಿ ಒಂದು ಆಂಪಿಯರಿನಷ್ಟು ಎಳೆಯುತ್ತಿತ್ತು. ಅದರೊಳಗಿನ ವೈಫೈ ನಿಲ್ಲಿಸಿದೆ. ಎಳೆತ ಹತ್ತಿರ ಹತ್ತಿರ ಅರ್ಧಕ್ಕೆ ಬಂತು. ಅಂಗಡಿಯಲ್ಲಿ ಸಿಗುವ ಅಂಗೈಯಗಲದ ಬ್ಯಾಟರಿ ಪೆಟ್ಟಿಗೆ ಹಾಕಿದೆ. ಈ ಸಲ ಎರಡು ನಿಮಿಷ ಅಲ್ಲ, ಆರುವ ತನಕ ಕಾಯುವುದು ಎಂದು ನಿಶ್ಚಯ ಮಾಡಿ, ಪೆಟ್ಟಿಗೆಯ ಕರೆಂಟಿನ ಪಿನ್ ಕಿತ್ತು ಆಸ್ಪತ್ರೆಯ ಬೆಂಚಿನ ಮೇಲೆ ಕೂತೆ. ಸಿಸ್ಟರ್ ತಮ್ಮ ಗೆರೆ ಪುಸ್ತಕದಲ್ಲಿ ಹೊತ್ತು ಬರೆದರು. ನಾಲ್ಕು ತಾಸಿಗೆ ದೀಪ ಹೋಯಿತು.

“ನಮ್ಮ ಕಡಿ ಕಂಬ ಬಿದ್ರ ನಾಕು ತಾಸಿಗೆ ಯಾರು ಎತ್ತತಾರ್ರಿ?” ಎಂದು ಸಿಸ್ಟರ್ ಪುಸ್ತಕ ಮುಚ್ಚಿದರು.

ಹೊರಗೆ ಗೇಟಿನ ಪಕ್ಕ ಪಂಚಾಯ್ತಿಯವರು ಎಂದೋ ನೆಟ್ಟ ಸೋಲಾರ್ ಬೀದಿದೀಪವಿತ್ತು. ಬಲ್ಬನ್ನು ಮಂಗಗಳು ಒಡೆದು ಎಷ್ಟೋ ಕಾಲವಾಗಿತ್ತು. ಆದರೆ ತುದಿಯ ಪ್ಯಾನೆಲ್ ಮೇಲೆ ಹಕ್ಕಿ ಹಿಕ್ಕೆ ಬಿಟ್ಟರೆ ಮತ್ತೇನೂ ದೋಷವಿರಲಿಲ್ಲ. ಕೆಳಗಿನ ಡಬ್ಬಿ ತೆಗೆಸಿ ನೋಡಿದೆ. ಬ್ಯಾಟರಿ ಸತ್ತಿರಲಿಲ್ಲ, ಬರೀ ಕೆಲಸವಿಲ್ಲದೆ ಕೂತಿತ್ತು. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಯ ಹತ್ತಿರ ಸಿಸ್ಟರೇ ಹೋಗಿ ಅನುಮತಿ ಪತ್ರ ಬರೆಸಿಕೊಂಡು ಬಂದರು. ನಾನು ಪ್ಯಾನೆಲ್ ಇಳಿಸಿ, ತೊಳೆದು, ಆಸ್ಪತ್ರೆಯ ಮಾಳಿಗೆಯ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ಕಟ್ಟಿದೆ. ಬ್ಯಾಟರಿಯನ್ನು ಔಷಧದ ಕೋಣೆಯ ಮೂಲೆಗೆ ತಂದು ಪೆಟ್ಟಿಗೆಗೆ ಜೋಡಿಸಿದೆ. ಈಗ ಬಿಸಿಲಿಲ್ಲದೆ, ಕರೆಂಟಿಲ್ಲದೆ ಮೂರು ದಿನ ಬೇಕಾದರೂ ತಡೆಯುತ್ತದೆ ಎಂದು ಲೆಕ್ಕ ಬಂತು. ಲೆಕ್ಕ ನಂಬದೆ ಪ್ಯಾನೆಲಿನ ತಂತಿಯನ್ನೂ ಕರೆಂಟಿನ ಪಿನ್ನನ್ನೂ ಕಿತ್ತು ಬಿಟ್ಟೆವು. ಎರಡು ಹಗಲು ಎರಡು ರಾತ್ರಿ ದೀಪ ಆರಲಿಲ್ಲ. ಗೆದ್ದೆ ಎಂದುಕೊಂಡು ಮನೆಗೆ ಹೋದೆ.

ಜೂನ್ ಕೊನೆಯಲ್ಲಿ ವಿದ್ಯುತ್ ಇಲಾಖೆಯವರು ದುರಸ್ತಿಗೆಂದು ಇಡೀ ಊರಿನ ಕರೆಂಟ್ ತೆಗೆದರು, ಬೆಳಿಗ್ಗೆ ಹತ್ತರಿಂದ. ಹೋಗಿ ನೋಡೋಣ ಎಂದು ನಾನೂ ಅಲ್ಲಿಗೆ ಹೋದೆ. ಹನ್ನೊಂದಕ್ಕೆಲ್ಲ ಟವರ್ ಹೋಯಿತು. ಪೆಟ್ಟಿಗೆಯ ದೀಪ ಉರಿಯುತ್ತಿತ್ತು. ಹನ್ನೆರಡೂಕಾಲಿಗೆ ಅದರ ಮೇಲೆ ಒಂದು ಕೆಂಪು ದೀಪ ಮಿನುಗತೊಡಗಿತು.

ಸಿಸ್ಟರ್ ಫೋನೆತ್ತಿ ಕಿವಿಗೆ ಹಿಡಿದರು, ನನ್ನ ಕಡೆ ಚಾಚಿದರು. ಏನೂ ಇರಲಿಲ್ಲ. ಪೆಟ್ಟಿಗೆಗೆ ಜೀವವಿತ್ತು, ಬೆಳಕೇ ಬರುತ್ತಿರಲಿಲ್ಲ. ಅಂದರೆ ತಪ್ಪು ಇಲ್ಲಿಲ್ಲ, ಆ ತುದಿಯಲ್ಲಿದೆ.

“ಈ ತುದಿ ಅಷ್ಟಾ ನೋಡಿದ್ವಿ ಸಿಸ್ಟರ್,” ಅಂದೆ.

“ಮತ್ತ ಆ ತುದಿಗೆ ನಡೀರಿ,” ಅಂದರು. ಅವರಿಗೆ ಅದರಲ್ಲಿ ಸಂಕೋಚವೇ ಇರಲಿಲ್ಲ.

ಕೇಬಲ್ ಹಿಡಿದು ಕಂಬದಿಂದ ಕಂಬಕ್ಕೆ ನಡೆದೆ. ಅದು ಊರ ನಡುವಿನ ಕಿರಾಣಿ ಅಂಗಡಿಯ ಹಿಂದಿನ ಕೋಣೆಯೊಳಗೆ ಹೋಗಿತ್ತು. ಊರಿನ ಎಲ್ಲ ಫೈಬರಿಗೂ ಬೆಳಕು ಕಳಿಸುವ ದೊಡ್ಡ ಪೆಟ್ಟಿಗೆ ಅಲ್ಲಿತ್ತು. ಅದನ್ನು ನಡೆಸುವವರು ಕೊಟ್ಟೂರಿನ ಒಬ್ಬ ಗುತ್ತಿಗೆದಾರರು. ಮೊದಲು ಟಿವಿ ಕೇಬಲ್ ನಡೆಸುತ್ತಿದ್ದವರು, ಒಳ್ಳೆಯ ಮನುಷ್ಯ. ಪೆಟ್ಟಿಗೆಗೆ ಅವರು ಇಟ್ಟಿದ್ದ ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ದೊಡ್ಡ ರಸ್ತೆಯಿಂದ ಅವರಿಗೆ ಕರೆ ಮಾಡಿದೆ. ಮರುದಿನವೇ ಬಂದರು.

“ಹೊಸಾದು ಹಾಕಿಸ್ತೀನಿ ಬಿಡ್ರಿ,” ಅಂದರು. “ಆದ್ರ ಈ ಕೋಣಿ ಶೆಕಿ ನೋಡ್ರಿ. ವರ್ಷಕ್ಕೊಂದು ಬ್ಯಾಟ್ರಿ ಸಾಯ್ತೈತಿ ಇಲ್ಲಿ.”

ನಿಜವೇ ಇತ್ತು, ತಗಡಿನ ಮಾಡು, ಒಂದು ಕಿಟಕಿ. ಪೆಟ್ಟಿಗೆಯ ಮಾದರಿ ನೋಡೋಣ ಎಂದು ಅದನ್ನು ತಿರುಗಿಸಿ ಬೆನ್ನಿನ ಮೇಲೆ ಟಾರ್ಚ್ ಬಿಟ್ಟೆ. ಕರೆಂಟ್ ಕೊಡಲು ಎರಡು ಜಾಗಗಳಿದ್ದವು. ಒಂದಕ್ಕೆ ಮನೆಯ ಕರೆಂಟಿನ ಪ್ಲಗ್ ಹಾಕಿದ್ದರು. ಇನ್ನೊಂದರ ಮುಚ್ಚಳ ತೆಗೆದಿರಲೇ ಇಲ್ಲ. ಅದರ ಮೇಲೆ ನಲವತ್ತೆಂಟು ವೋಲ್ಟ್ ಎಂದು ಬರೆದಿತ್ತು.

ನಲವತ್ತೆಂಟು ವೋಲ್ಟು ಅಂದರೆ ನಮ್ಮ ಎಕ್ಸ್‌ಚೇಂಜ್ ಬ್ಯಾಟರಿಯ ವೋಲ್ಟು. ಆ ಅಂಗಡಿಯಿಂದ ಇನ್ನೂರು ಹೆಜ್ಜೆ ದೂರದಲ್ಲಿ, ಕಲ್ಲಿನ ಗೋಡೆಯ ತಣ್ಣನೆಯ ಕಟ್ಟಡದಲ್ಲಿ, ಇಪ್ಪತ್ನಾಲ್ಕು ಸೆಲ್‌ಗಳು ಚಾರ್ಜ್ ತುಂಬಿಕೊಂಡು ಕೂತಿದ್ದವು, ಮುಂದಿನ ಗುರುವಾರ ಗುಜರಿ ಲಾರಿ ಹತ್ತಲು.

“ನಿಮ್ಮ ಪೆಟ್ಟಿಗಿ ನಮ್ಮ ಎಕ್ಸ್‌ಚೇಂಜಿಗೆ ತಂದಿಟ್ರ ನಿಮ್ಗ ಅಡ್ಡಿ ಐತೇನ್ರಿ?” ಎಂದು ಕೇಳಿದೆ.

“ನಂಗ್ಯಾಕ್ರಿ ಅಡ್ಡಿ? ನಿಮ್ಮ ಸಾಹೇಬ್ರಿಗೆ ಅಡ್ಡಿ ಇರಬಾರ್ದು.”

ನಮ್ಮ ಇಂಜಿನಿಯರ್ ಮೈಸೂರು ಕಡೆಯಿಂದ ಬಂದ ತರುಣ. ಕೆಟ್ಟವರಲ್ಲ, ಆದರೆ ಮೇಲಿನಿಂದ ಬಂದ ಪಟ್ಟಿಗೆ ಗುರುತು ಹಾಕಿ ಮುಗಿಸಬೇಕೆಂಬ ಒತ್ತಡ ಅವರ ಮೇಲಿತ್ತು. ಮರುದಿನ ಆಫೀಸಿಗೆ ಹೋಗಿ ಎದುರು ನಿಂತೆ.

“ಸರ್, ಆ ಎಕ್ಸ್‌ಚೇಂಜಿನ ರ‍್ಯಾಕ್ ಕೊಡ್ತೀನಿ, ತಂತಿ ಕೊಡ್ತೀನಿ. ಬ್ಯಾಟರಿ ಕೊಡಂಗಿಲ್ಲ.”

“ಏನ್ ಮಾತಾಡ್ತಿದೀರಿ? ಆದೇಶದಲ್ಲಿ ಎಲ್ಲಾ ಸಾಮಾನು ಅಂತ ಇದೆ.”

“ಆದೇಶ ಬರೆದವ್ರು ಆ ಪೆಟ್ಟಿಗಿ ಬೆನ್ನು ನೋಡಿಲ್ಲ ಸರ್.” ಎರಡು ಜಾಗದ ವಿಷಯ ಹೇಳಿದೆ, ಮೇ ತಿಂಗಳ ಹೆರಿಗೆಯ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

“ಬ್ಯಾಟರಿ ಹಳೇದು. ಎಷ್ಟು ಹೊತ್ತು ತಡೆಯುತ್ತೆ ಅಂತ ನಿಮಗೆ ಗೊತ್ತಾ?”

“ಇಲ್ಲ ಸರ್.”

“ಗೊತ್ತಿಲ್ಲದೆ ನಾನು ಮೇಲಕ್ಕೆ ಏನಂತ ಬರೀಲಿ? ಗುರುವಾರದೊಳಗೆ ಅಳೆದು ತನ್ನಿ. ಇಲ್ಲಾಂದ್ರೆ ಲಾರಿಗೆ ಸಹಿ ಹಾಕಿ.”

ಕೈಯಲ್ಲಿ ಮೂರು ದಿನ ಇದ್ದವು. ಅಷ್ಟು ಸಾಕಿತ್ತು. ಬ್ಯಾಟರಿ ಪರೀಕ್ಷೆ ನನಗೆ ಅಂಗೈ ಗೆರೆಯಷ್ಟು ಪರಿಚಿತ. ಚಾರ್ಜರ್ ತೆಗೆದು, ದೊಡ್ಡ ಪೆಟ್ಟಿಗೆ ಎಷ್ಟು ಎಳೆಯುತ್ತದೋ ಅಷ್ಟೇ ಭಾರವನ್ನು ಬಲ್ಬುಗಳಿಂದ ಕೊಟ್ಟು, ತಾಸಿಗೊಮ್ಮೆ ಒಂದೊಂದು ಸೆಲ್ಲಿಗೂ ಮೀಟರ್ ಮುಟ್ಟಿಸಿ ಬರೆಯುತ್ತ ಹೋದೆ. ಎಂಟನೆಯ ತಾಸಿಗೆ ಹನ್ನೊಂದನೆಯ ಸೆಲ್ಲು ಕುಸಿಯಿತು. ಹದಿನೈದನೆಯ ತಾಸಿಗೆ ಹತ್ತೊಂಬತ್ತನೆಯದು. ಉಳಿದ ಇಪ್ಪತ್ತೆರಡು ಜಗ್ಗಲಿಲ್ಲ. ಇಡೀ ಸಾಲು ಕೆಟ್ಟಿದ್ದರೆ ನನ್ನ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಕೆಟ್ಟದ್ದು ಎರಡೇ.

ಹರಪನಹಳ್ಳಿ ಕಡೆ ಹಿಂದಿನ ವರ್ಷ ಮುಚ್ಚಿದ್ದ ಒಂದು ಎಕ್ಸ್‌ಚೇಂಜಿನ ಬೀಗದ ಕೈ ನನ್ನ ಹತ್ತಿರವೇ ಇತ್ತು. ಅಲ್ಲಿ ಅದೇ ಜಾತಿಯ ಸೆಲ್‌ಗಳು ಲಾರಿಗೆ ಕಾದು ಧೂಳು ಹಿಡಿದಿದ್ದವು. ಇಂಜಿನಿಯರಿಗೆ ಹೇಳಿಯೇ ಹೋದೆ. “ರಿಜಿಸ್ಟರಲ್ಲಿ ಬರೆದು ತಗೊಂಡು ಹೋಗಿ,” ಅಂದರು. ಆ ‘ಹೋಗಿ’ಯಲ್ಲೇ ಅವರು ನನ್ನ ಕಡೆ ವಾಲಿದ್ದಾರೆಂದು ತಿಳಿಯಿತು. ಎಂಟು ಸೆಲ್ ಅಳೆದು, ಇದ್ದುದರಲ್ಲಿ ಗಟ್ಟಿಯಾದ ಎರಡನ್ನು ಆರಿಸಿ, ಗೂಡ್ಸ್ ಆಟೋದಲ್ಲಿ ಗೋಣಿಚೀಲ ಸುತ್ತಿ ತಂದೆ. ಒಂದೊಂದು ಸೆಲ್ಲು ಇಬ್ಬರು ಹೊರುವಷ್ಟು ಭಾರ. ಮಂಗಳವಾರ ರಾತ್ರಿ ಬೋಲ್ಟ್ ಬಿಗಿದು ಚಾರ್ಜಿಗೆ ಹಾಕಿ, ಬುಧವಾರ ಮಧ್ಯಾಹ್ನ ಮತ್ತೆ ಪರೀಕ್ಷೆಗಿಟ್ಟೆ.

ಗುರುವಾರ ಬೆಳಿಗ್ಗೆ ಲಾರಿ ಬಂದೇ ಬಂತು. ಬಲ್ಬುಗಳು ಇನ್ನೂ ಉರಿಯುತ್ತಿದ್ದವು. ಲಾರಿಯ ಮೇಸ್ತ್ರಿ ಒಳಗೆ ಬಂದು ಬ್ಯಾಟರಿ ಸಾಲಿನ ಮೇಲೆ ಕೈ ಇಟ್ಟ.

“ಇವನ್ನ ಮೊದ್ಲು ಎತ್ತೋಣೇನ್ರಿ?”

“ಅವು ಕೆಲಸದಾಗ ಅದಾವ. ಮುಟ್ಟಬ್ಯಾಡ.”

“ಪಟ್ಟಿಯಾಗ ಅದಾವ್ರೀ ಯಜಮಾನ್ರ.”

“ಪಟ್ಟಿ ಬದ್ಲಾಗ್ತೈತಿ. ರ‍್ಯಾಕ್ ಎತ್ತು.”

ನಾನು ಅಷ್ಟು ಗಟ್ಟಿಯಾಗಿ ಹೇಳಿದೆನಾದರೂ ಪಟ್ಟಿ ಬದಲಾಗಿರಲಿಲ್ಲ. ಟವರ್ ಇದ್ದುದರಿಂದ ಮೊಬೈಲಿನಲ್ಲೇ ಇಂಜಿನಿಯರಿಗೆ ಅಂಕಿಗಳನ್ನು ಓದಿ ಹೇಳಿದೆ: ಇಪ್ಪತ್ತು ತಾಸು ಆಗಿದೆ, ಯಾವ ಸೆಲ್ಲೂ ಕುಸಿದಿಲ್ಲ. ಅವರು ಅಂಕಿಗಳನ್ನು ಬರೆದುಕೊಂಡರು. ಆಮೇಲೆ, “ಮೇಸ್ತ್ರಿಗೆ ಫೋನ್ ಕೊಡಿ,” ಅಂದರು. ಮೇಸ್ತ್ರಿ ಹೂಂ ಸರ್, ಹೂಂ ಸರ್ ಎಂದು ರ‍್ಯಾಕುಗಳನ್ನು ಹೊರಿಸಿಕೊಂಡು ಹೋದ. ಆ ವಾರವೇ ದೊಡ್ಡ ಪೆಟ್ಟಿಗೆ ಕಲ್ಲಿನ ಕಟ್ಟಡಕ್ಕೆ ಬಂತು, ಮುಚ್ಚಳ ತೆಗೆಯದ ಜಾಗಕ್ಕೆ ಬ್ಯಾಟರಿಯ ತಂತಿ ಹೋಯಿತು. ಆಗಸ್ಟಿನಲ್ಲಿ ಮತ್ತೊಮ್ಮೆ ಇಡೀ ಊರಿನ ಕರೆಂಟ್ ಹೋದಾಗ ಸಿಸ್ಟರ್ ಬೆಳಗಿನಿಂದ ಸಂಜೆಯವರೆಗೆ ತಾಸಿಗೊಮ್ಮೆ ನನಗೆ ಕರೆ ಮಾಡಿದರು. ಒಂದೂ ತಪ್ಪಲಿಲ್ಲ.

ಸೆಪ್ಟೆಂಬರ್ ಕೊನೆ. ಶೇಂಗಾ ಕೀಳುವ ಕಾಲ. ಎರಡು ದಿನ ಜಡಿಮಳೆ ಹಿಡಿದಿತ್ತು. ಆ ಬೆಳಿಗ್ಗೆ ಆರಕ್ಕೆ ಕೊಟ್ಟೂರು ಕಡೆಯ ಲೈನ್ ಬಿದ್ದು ಊರಿನ ಕರೆಂಟ್ ಹೋಗಿತ್ತು. ಬ್ಯಾಟರಿ ಎಷ್ಟರಲ್ಲಿದೆ ನೋಡಲು ನಾನು ಎಕ್ಸ್‌ಚೇಂಜಿಗೆ ಬಂದಿದ್ದೆ. ಎಲ್ಲ ಸರಿಯಿತ್ತು. ಆಸ್ಪತ್ರೆಯ ಪೆಟ್ಟಿಗೆಯನ್ನೂ ನೋಡಿ ಹೋಗೋಣ ಎಂದು ಅಲ್ಲಿಗೆ ಹೋದೆ. ಮೊಬೈಲಿನಲ್ಲಿ ಸಿಗ್ನಲ್ ಇರಲಿಲ್ಲ. ಡಾಕ್ಟರು ಕೂಡ್ಲಿಗಿಗೆ ಮೀಟಿಂಗಿಗೆ ಹೋಗಿದ್ದರು. ಸಿಸ್ಟರ್ ಮತ್ತು ಆಯಾ ಇಬ್ಬರೇ.

ಹತ್ತೂವರೆಗೆ ಗೂಡ್ಸ್ ಆಟೋ ಒಂದು ಗೇಟಿನೊಳಗೇ ನುಗ್ಗಿತು. ಹಿಂದೆ ಒಬ್ಬ ಹೆಣ್ಣುಮಗಳನ್ನು ಮಲಗಿಸಿದ್ದರು. ಗಂಡ ತಲೆ ಹಿಡಿದು ಕೂತಿದ್ದ. ಕುರಿ ಸಾಕುವ ಮನೆಯವರು. ಹೆಗಲ ಮೇಲೆ ಇನ್ನೂ ಕಂಬಳಿ ಇತ್ತು.

“ಹುಳ ಮುಟ್ಟೈತ್ರೀ ಅಕ್ಕಾರ! ಶೇಂಗಾ ಕೀಳಾಕ ಕೈ ಹಾಕ್ಯಾಳ, ಹೊಟ್ಟಿನ ಕೆಳಗ ನಾಗರಹಾವು ಇತ್ರಿ!”

“ಯಾವಾಗ?”

“ಅರ್ಧ ತಾಸಾತ್ರಿ.”

ಸಿಸ್ಟರ್ ಅವಳ ಕಣ್ಣಿನ ಮೇಲೆ ಬೆರಳಾಡಿಸಿದರು. “ಕಣ್ಣು ತೆಗಿ ತಾಯಿ, ಪೂರಾ ತೆಗಿ.” ಅವಳು ತೆರೆಯಲು ಪ್ರಯತ್ನಿಸಿದಳು, ರೆಪ್ಪೆಗಳು ಅರ್ಧಕ್ಕೇ ನಿಂತವು. ವಿಷ ಏರುತ್ತಿದೆ ಎಂದು ಸಿಸ್ಟರ್‌ಗೆ ತಿಳಿಯಿತು. ಓಡಿ ಫೋನೆತ್ತಿದರು. ಮೊದಲು ಆಂಬುಲೆನ್ಸಿನ ನೂರಾ ಎಂಟು. ಊರು, ಕೇಂದ್ರ, ಹಾವು ಕಚ್ಚಿದೆ, ಉಸಿರು ಕಷ್ಟವಾಗಬಹುದು, ಈ ನಂಬರಿಗೇ ತಿರುಗಿ ಮಾಡಿ. ಒಂದು ನಿಮಿಷವೂ ಹಿಡಿಯಲಿಲ್ಲ.

“ಅಣ್ಣಾರ, ಡಾಕ್ಟರ್ ಜತಿ ಮಾತಾಡ್ತಾನಾ ಔಷಧ ಹಾಕಬೇಕ್ರಿ. ಫೋನು ಇಲ್ಲೈತಿ, ಹಾಸಿಗಿ ಅಲ್ಲೈತಿ.”

ಫೋನು ಆಫೀಸಿನ ಮೇಜಿನ ಮೇಲೆ. ಹಾಸಿಗೆ ಪಡಸಾಲೆ ದಾಟಿ ಆಚೆ ಕೋಣೆಯಲ್ಲಿ. ನನ್ನ ಚೀಲದಲ್ಲಿ ತಂತಿಯ ಸುರುಳಿ ಯಾವಾಗಲೂ ಇರುತ್ತದೆ. ಪೆಟ್ಟಿಗೆಯಿಂದ ಫೋನಿನ ಪಿನ್ ಕಿತ್ತೆ, ಆ ಪಿನ್ನಿನ ವೈರ್ ನಡುವೆ ಕತ್ತರಿಸಿದೆ, ಹಲ್ಲಿನಿಂದ ತೊಗಟೆ ಸುಲಿದು ಎರಡು ಎಳೆಯನ್ನು ಸುರುಳಿಗೆ ತಿರುವಿ ಜೋಡಿಸಿದೆ, ಪಿನ್ ಮತ್ತೆ ಪೆಟ್ಟಿಗೆಗೆ ಚುಚ್ಚಿದೆ, ಸುರುಳಿ ಬಿಚ್ಚುತ್ತ ಪಡಸಾಲೆಯುದ್ದಕ್ಕೂ ಓಡಿದೆ, ಆ ತುದಿಯಲ್ಲಿ ಫೋನು ಕಟ್ಟಿದೆ. ಟೇಪ್ ಸುತ್ತಲು ಹೊತ್ತಿರಲಿಲ್ಲ. ಸಿಸ್ಟರ್ ಅಷ್ಟರಲ್ಲಿ ಕೈಗೆ ಸೂಜಿ ಹಾಕಿ ಸಲೈನ್ ಹಚ್ಚಿದ್ದರು. ನಾನು ಡಾಕ್ಟರ ನಂಬರು ಒತ್ತಿ, ರಿಸೀವರನ್ನು ಅವರ ಕಿವಿಗೆ ಹಿಡಿದೆ. ಅವರ ಎರಡೂ ಕೈಗೆ ಕೆಲಸವಿತ್ತು.

“ಸರ್, ನಾಗರಹಾವು. ರೆಪ್ಪಿ ಬಿದ್ದಾವ. ಜೊಲ್ಲು ನುಂಗಾಕ ಬರವಲ್ದು. ಉಸಿರು ಐತಿ.” ಅವರು ಕೇಳಿಸಿಕೊಂಡರು, ಗಟ್ಟಿಯಾಗಿ ಮರುಹೇಳಿದರು, ಆಯಾ ಒಂದೊಂದೇ ಬಾಟಲಿ ಫ್ರಿಜ್ಜಿನಿಂದ ತಂದಿಟ್ಟಳು. ವಿಷ ಇಳಿಸುವ ಔಷಧದ ಪುಡಿಯನ್ನು ನೀರಿನಲ್ಲಿ ಕರಗಿಸಿ ಸಲೈನಿಗೆ ಸೇರಿಸಬೇಕು; ಕುಲುಕಬಾರದು, ಅಂಗೈಯಲ್ಲಿ ಮೆಲ್ಲಗೆ ಹೊರಳಿಸಬೇಕು. ಗಂಡನ ಕೈಗೂ ಒಂದು ಬಾಟಲಿ ಕೊಟ್ಟರು. ಅವನೂ ಮೆಲ್ಲಗೆ ಹೊರಳಿಸತೊಡಗಿದ.

ನನ್ನ ತೋಳು ಸೋಲುತ್ತಿತ್ತು. ಕೈ ಬದಲಿಸುವಾಗ ರಿಸೀವರಿನಲ್ಲಿ ಟಿಕ್, ಟಿಕ್ ಎಂದು ಕೇಳಿತು. ಇನ್ನೊಂದು ಕರೆ ಕಾಯುತ್ತಿದೆ ಎಂಬ ಸೂಚನೆ. ಆ ಸೌಲಭ್ಯವನ್ನು ನಾನೇ ಆ ನಂಬರಿಗೆ ಹಾಕಿಸಿದ್ದೆ. “ಡಾಕ್ಟ್ರೇ, ಒಂದ್ ನಿಮಿಷ ಹಿಡೀರಿ,” ಎಂದು ಫೋನಿನ ಗುಂಡಿ ಒಮ್ಮೆ ಒತ್ತಿ ಬಿಟ್ಟೆ.

“ಆಂಬುಲೆನ್ಸ್ ಡ್ರೈವರ್ ಮಾತಾಡೋದ್ರಿ. ಜಾಲಿಮರ ಬಿದ್ದೈತಿ ರೋಡಿಗೆ ಅಡ್ಡ. ದೊಡ್ಡ ರಸ್ತಿಯಿಂದ ಮೂರು ಕಿಲೋಮೀಟರ್ ಒಳಗ ಬಂದೀವಿ, ಸಿಗ್ನಲ್ ಒಂದಾ ಗೆರಿ ಐತಿ. ಹೆಂಗ ಬರ್ಲಿ?”

ಆ ರಸ್ತೆಯ ಒಂದೊಂದು ಕಂಬವನ್ನೂ ನಾನು ಹತ್ತಿದವನು. “ಹಿಂದಕ್ಕ ತಿರುಗ್ರಿ. ಅರ್ಧ ಕಿಲೋಮೀಟರಿಗೆ ಎಡಕ್ಕ ಸಿಮೆಂಟಿನ ನೀರಿನ ಟ್ಯಾಂಕ್ ಸಿಗ್ತೈತಿ. ಅದರ ಪಕ್ಕದ ದಾರಿ ಹಿಡೀರಿ. ಕೆರಿ ಏರಿ ಮ್ಯಾಲ ಬರ್ತೈತಿ. ಏರಿ ಗಟ್ಟಿ ಐತಿ, ಗಾಡಿ ಹೋಗ್ತೈತಿ. ಇಳದ್ರ ಆಸ್ಪತ್ರಿ ಹಿಂದಿನ ಗೇಟು.”

“ಏರಿ ಮ್ಯಾಲ ಹೂತ್ಕೊಳ್ಳಂಗಿಲ್ಲೇನ್ರಿ?”

“ಇಲ್ಲ. ನಾನು ಹೇಳ್ತೀನಿ, ಬರ್ರಿ.”

ಮತ್ತೆ ಗುಂಡಿ ಒತ್ತಿದೆ, ಡಾಕ್ಟರು ಲೈನಿನಲ್ಲೇ ಇದ್ದರು. ಅವಳ ಉಸಿರು ಸಣ್ಣದಾಗುತ್ತಿತ್ತು. ಸಿಸ್ಟರ್ ಮೂಗಿಗೆ ಮುಖವಾಡ ಒತ್ತಿ ರಬ್ಬರಿನ ಚೀಲ ಹಿಸುಕತೊಡಗಿದರು. ಡಾಕ್ಟರು ಆ ತುದಿಯಿಂದ ಎಣಿಕೆ ಹೇಳುತ್ತಿದ್ದರು, ನಾನು ಅದನ್ನೇ ಗಟ್ಟಿಯಾಗಿ ಹೇಳುತ್ತಿದ್ದೆ, ಸಿಸ್ಟರ್ ಆ ಲಯಕ್ಕೆ ಹಿಸುಕುತ್ತಿದ್ದರು. ಒಂದು, ಎರಡು, ಮೂರು, ಒತ್ತು. ನನ್ನ ಜೀವಮಾನದಲ್ಲಿ ನಾನು ಒಂದು ಫೋನನ್ನು ಅಷ್ಟು ಹೊತ್ತು ಹಿಡಿದದ್ದಿಲ್ಲ. ಹಿಂದಿನ ಗೇಟಿನಲ್ಲಿ ಗಾಡಿಯ ಸದ್ದು ಕೇಳಿದಾಗ ಗಂಡ ಬಾಟಲಿಯನ್ನು ಜೋಪಾನವಾಗಿ ಮೇಜಿನ ಮೇಲಿಟ್ಟು ಓಡಿದ.

ಡಾಕ್ಟರು ಅಷ್ಟರಲ್ಲಿ ಪಕ್ಕದಲ್ಲಿದ್ದವರ ಮೊಬೈಲಿನಿಂದ ಬಳ್ಳಾರಿ ಆಸ್ಪತ್ರೆಗೆ ಹೇಳಿಸಿದ್ದರು, ಉಸಿರಾಟದ ಯಂತ್ರ ಖಾಲಿ ಇಡಿ ಎಂದು. ಸಿಸ್ಟರ್ ಚೀಲ ಹಿಸುಕುತ್ತಲೇ ಗಾಡಿ ಹತ್ತಿದರು. ಹೊರಡುವ ಮುಂಚೆ ನನ್ನ ಕಡೆ ತಿರುಗಿ, “ಆ ಪಿನ್ನು ಮೊದಲಿನಂಗ ಹಾಕಿಡ್ರಿ, ಮತ್ಯಾರಾದ್ರೂ ಬಂದಾರು,” ಅಂದರು. ಗಾಡಿ ಏರಿಯ ಕಡೆ ಹೋಯಿತು. ನಾನು ಕೂತು, ನಿಧಾನವಾಗಿ, ಎರಡೂ ಜೋಡಣೆಗೆ ಟೇಪ್ ಸುತ್ತಿದೆ. ಆಮೇಲೆ ಫೋನನ್ನು ಆಫೀಸಿನ ಮೇಜಿಗೆ ತಂದಿಟ್ಟೆ. ಆಯಾ ಚಹಾ ತಂದು ಕೊಟ್ಟಳು.

ಎರಡು ದಿನ ಯಂತ್ರದ ಉಸಿರಿನಲ್ಲಿದ್ದು ಮೂರನೆಯ ದಿನ ಅವಳು ತಾನೇ ಉಸಿರಾಡಿದಳಂತೆ. ಸಿಸ್ಟರ್ ಈ ಸುದ್ದಿ ಹೇಳಿದ್ದು ಆಸ್ಪತ್ರೆಯ ಫೋನಿನಿಂದಲೇ.

ಮುಂದಿನ ತಿಂಗಳು ಇಂಜಿನಿಯರ್ ನನ್ನನ್ನು ಕರೆದು ಒಂದು ಕಾಗದ ಕೊಟ್ಟರು. ಯಾವ ಆಸ್ಪತ್ರೆಯ ತಾಮ್ರದ ತಂತಿಯನ್ನೂ ತೆಗೆಯುವ ಮುಂಚೆ ಇಡೀ ಊರಿನ ಕರೆಂಟ್ ತೆಗೆಸಿ ಒಂದು ಪೂರ್ತಿ ಹಗಲು ಹೊಸ ಫೋನನ್ನು ಪರೀಕ್ಷಿಸಬೇಕು. ಸಹಿ ಹಾಕಬೇಕಾದ್ದು ಮೆಕ್ಯಾನಿಕ್ ಅಲ್ಲ, ಅದನ್ನು ಬಳಸುವವರು. ಕೊನೆಯ ಸಾಲನ್ನು ನಾನೇ ಕೇಳಿ ಬರೆಸಿದ್ದೆ. ಈಗ ಅದೇ ಕೆಲಸದಲ್ಲಿದ್ದೇನೆ. ಮಾಗಳದ ಕಡೆ ಹೊಳೆ ಏರಿದಾಗ ದಾರಿ ಕಡಿಯುವ ಊರುಗಳಿವೆ, ಮೊದಲು ಅವನ್ನು ಮುಗಿಸಿದೆ. ಆಮೇಲೆ ನೀಲಗುಂದದ ಸುತ್ತ. ಎಲ್ಲ ಕಡೆಯೂ ಒಂದೇ ಉಪಾಯ ನಡೆಯುವುದಿಲ್ಲ. ಒಂದೆಡೆ ಬಿಸಿಲು ಬೀಳುವ ಮಾಳಿಗೆಯಿಲ್ಲ, ಒಂದೆಡೆ ಜೆಸಿಬಿಯವರು ಕೇಬಲ್ ಕಡಿ ಕಡಿದು ಹಾಕುತ್ತಾರೆ. ಆದರೆ ಎಲ್ಲಿ ನೋಡಬೇಕು, ಏನನ್ನು ಕಾಯಬೇಕು ಎಂಬುದು ನನಗೀಗ ಗೊತ್ತು.

ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಆ ಊರಿನ ಆಸ್ಪತ್ರೆಯಲ್ಲಿ ಬ್ಯಾಟರಿಗೆ ಮೀಟರ್ ಹಚ್ಚುತ್ತಿದ್ದೆ. ಬಾಗಿಲಲ್ಲಿ ಹಾವು ಕಚ್ಚಿದ್ದ ಆ ಹೆಣ್ಣುಮಗಳು ನಿಂತಿದ್ದಳು, ಗಂಡನೂ ಜೊತೆಗಿದ್ದ. ಬಲಗೈ ಬೆರಳು ಒಂದು ಇನ್ನೂ ಮಡಚುತ್ತಿರಲಿಲ್ಲ. ಸಿಸ್ಟರ್‌ಗೆ ತೋರಿಸಲು ಬಂದಿದ್ದರು. ಹೆದರಿ ಅಂದಿನಿಂದ ಅವಳು ಹೊಲಕ್ಕೇ ಹೋಗಿಲ್ಲ ಎಂದು ಗಂಡ ಅಂದ. ಗಂಡ ನನ್ನನ್ನು ತೋರಿಸಿ ಏನೋ ಹೇಳಿದ. ಅವಳು ನನ್ನ ಕಡೆ ನೋಡಲಿಲ್ಲ, ಮೇಜಿನ ಕಡೆ ನೋಡಿದಳು.

“ಇದೇನಾ ಆ ಫೋನು?”

“ಇದಾ ನೋಡವ್ವ.”

“ಮುಟ್ಲೇನ್ರಿ?”

ಎಡಗೈಯಲ್ಲಿ ರಿಸೀವರ್ ಎತ್ತಿ ಕಿವಿಗೆ ಹಿಡಿದಳು. ಹುಬ್ಬು ಗಂಟಿಕ್ಕಿ ಬಹಳ ಹೊತ್ತು ಕೇಳಿದಳು.

“ಯಾರೂ ಇಲ್ಲ. ಗುಂಯ್ ಅಂತೈತಿ.”

“ಅದು ಫೋನು ಬದುಕೈತಿ ಅನ್ನೋ ಸದ್ದು.”

“ಯಾವಾಗ್ಲೂ ಅಂತೈತೇನ್ರಿ?”

“ಯಾವಾಗ್ಲೂ.”

ಅವಳು ರಿಸೀವರನ್ನು ಅದರ ಜಾಗದಲ್ಲಿಟ್ಟು ಗಂಡನ ಕಡೆ ತಿರುಗಿದಳು.

“ನಡಿ ಮತ್ತ. ನಾಳಿಂದ ನಾನೂ ಹೊಲಕ್ಕ ಬರ್ತೀನಿ.”